ಬರೆದದ್ದು ಮತ್ತು ಉಳಿದದ್ದು: ಡೇಟಾಬೇಸಿನ ವೇಗಮಾಪನದ ವಿಮರ್ಶೆ

ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಶಾಸನಗಳನ್ನು ಓದುವಾಗ, ಕೊರೆದ ಅಕ್ಷರವು ಲೋಹದ ಮೇಲೆ ನಿಜವಾಗಿಯೂ ಇದೆಯೇ ಎಂದು ನಾವು ಕೇಳುವುದಿಲ್ಲ. ಶಾಸನಸೂಚಿಗಳನ್ನೂ ದಫ್ತರಗಳನ್ನೂ ಡೇಟಾಬೇಸಿಗೆ ಏರಿಸುವವರಿಗೆ ಈ ನಿಶ್ಚಿಂತೆ ಇಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕವನ್ನು ಸೇರಿದ ಮೇಲಂತೂ ಈ ಪ್ರಶ್ನೆಯು ಯಂತ್ರಜ್ಞರದು ಮಾತ್ರವೆಂದು ಬಿಟ್ಟುಬಿಡಲಾಗದು.

ಖಾಸಬಾಗದ ನೇಕಾರರ ಓಣಿಯಲ್ಲಿ ವಿದ್ಯುತ್ತು ಹೋದರೆ ಮಗ್ಗಗಳು ನಿಲ್ಲುತ್ತವೆ. ನೇಯ್ದ ಬಟ್ಟೆ ಇದ್ದಲ್ಲಿಯೇ ಇರುತ್ತದೆ. ಅದೇ ಓಣಿಯ ನನ್ನ ಮನೆಯಲ್ಲಿ, ಗಣಕವು ಸ್ವೀಕರಿಸಿತೆಂದು ತಿಳಿಸಿದ್ದ ಎರಡು ನಮೂದುಗಳು ವಿದ್ಯುತ್ತು ಮರಳಿದಾಗ ಕಾಣಲಿಲ್ಲ. ದೋಷ ನನ್ನದೇ. ಹಳೆಯ ಪಟ್ಟಿಯೊಂದನ್ನು ಬೇಗನೆ ಏರಿಸಲೆಂದು ಪೋಸ್ಟ್‌ಗ್ರೆಸ್‌ನಲ್ಲಿ ‘ಎಫ್‌ಸಿಂಕ್’ ಎಂಬ ಕಟ್ಟಳೆಯನ್ನು ನಿಲ್ಲಿಸಿ, ಮತ್ತೆ ಹಚ್ಚುವುದನ್ನು ಮರೆತಿದ್ದೆ. ಇಡೀ ಕಡತವೇ ಕೆಡದಿದ್ದುದು ಅದೃಷ್ಟ.

ಬರೆಯೆಂದು ಹೇಳಿದೊಡನೆ ಆಪರೇಟಿಂಗ್ ಸಿಸ್ಟಮ್ ಡಿಸ್ಕಿನ ಮೇಲೆ ಬರೆಯುವುದಿಲ್ಲ. ಮೆಮೊರಿಯ ಕ್ಯಾಶಿನಲ್ಲಿ ಇರಿಸಿಕೊಂಡು ‘ಆಯಿತು’ ಎನ್ನುತ್ತದೆ. (ಈ ಕ್ಯಾಶ್ ರೊಕ್ಕವಲ್ಲ, ಅಡಗುದಾಣ.) ಲಿನಕ್ಸಿನ ವಾಡಿಕೆಯ ಏರ್ಪಾಟಿನಲ್ಲಿ ಅಂಥ ಪುಟವು 30 ಸೆಕೆಂಡುಗಳಷ್ಟು ಕಾಲ ಅಲ್ಲಿಯೇ ಉಳಿದಿರಬಹುದು. ಇದನ್ನು ವಂಚನೆಯೆನ್ನಲಾಗದು. ಒಂದೇ ಪುಟವು ಹತ್ತು ಸಲ ತಿದ್ದಲ್ಪಟ್ಟರೂ ಡಿಸ್ಕಿಗೆ ಒಮ್ಮೆ ಹೋದರೆ ಸಾಕಾಗುತ್ತದೆ. ಚದುರಿದ ಬರಹಗಳು ಕ್ರಮಗೊಳ್ಳುತ್ತವೆ. ಡೇಟಾಬೇಸು ಬದಲಾವಣೆಯನ್ನು ಮೊದಲು ದಿನಚರಿಯಂಥ ಒಂದು ಲಾಗ್‌ನಲ್ಲಿ ಬರೆದು, ಎಫ್‌ಸಿಂಕ್‌ನ ಮೂಲಕ ಅದನ್ನಷ್ಟೇ ಡಿಸ್ಕಿಗೆ ಒತ್ತಾಯದಿಂದ ಇಳಿಸುತ್ತದೆ. ಮೂಲ ಕಡತಗಳು ಕ್ಯಾಶಿನಲ್ಲಿ ನಿಧಾನಿಸಬಹುದಾದದ್ದು ಈ ಲಾಗ್ ನಿಧಾನಿಸದಿರುವುದರಿಂದಲೇ.

‘ಸೆಕೆಂಡಿಗೆ ಇಷ್ಟು ಸಾವಿರ ನಮೂದು’ ಎನ್ನುವ ಕೋಷ್ಟಕಗಳ ಮೇಲೆ ನನ್ನ ಆಕ್ಷೇಪವಿರುವುದು ಇಲ್ಲಿಯೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಬ್ಬನೇ ಬರೆಯುತ್ತಾ, ಒಂದೊಂದು ನಮೂದನ್ನೂ ಬೇರೆಬೇರೆಯಾಗಿ ಒಪ್ಪಿಸುತ್ತಿದ್ದರೆ ಫಲಿತಾಂಶವು ಆ ಸಂಖ್ಯೆಯ ಆಸುಪಾಸಿನಲ್ಲಿಯೇ ಇರತಕ್ಕದ್ದು. ಸಾವಿರಗಳು ಬಂದವೆಂದರೆ ಅಳೆದದ್ದು ಮೆಮೊರಿಯನ್ನು, ಇಲ್ಲವೆ ಡಿಸ್ಕಿನೊಳಗೇ ಇರುವ ಕ್ಯಾಶನ್ನು. ಬ್ಯಾಟರಿಯ ರಕ್ಷಣೆಯಿಲ್ಲದಿದ್ದರೆ ಆ ಕ್ಯಾಶೂ ವಿದ್ಯುತ್ತಿನೊಡನೆ ಬರಿದಾಗುತ್ತದೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಈ ಲೆಕ್ಕ ಸಲ್ಲದು, ಪ್ರಶ್ನೆ ಮಾತ್ರ ಸಲ್ಲುತ್ತದೆ.

ಎಫ್‌ಸಿಂಕ್ ಕೂಡ ಪ್ರಶ್ನಾತೀತವಾದ ಸಾಕ್ಷಿಯಲ್ಲವೆಂಬುದು 2018ರಲ್ಲಿ ಬೆಳಕಿಗೆ ಬಂದಿತು. ಡಿಸ್ಕಿಗೆ ಬರೆಯುವಲ್ಲಿ ವಿಫಲವಾದ ಪುಟಗಳನ್ನು ಲಿನಕ್ಸ್ ‘ಶುದ್ಧ’ವೆಂದು ಗುರುತಿಸಿಬಿಡುತ್ತಿದ್ದುದರಿಂದ, ಎರಡನೆಯ ಸಲ ಕೇಳಿದಾಗ ‘ಆಯಿತು’ ಎಂಬ ಉತ್ತರ ಬರಬಹುದಾಗಿತ್ತು. 2019ರಿಂದ ಪೋಸ್ಟ್‌ಗ್ರೆಸ್ ಅಂಥ ವೈಫಲ್ಯ ಕಂಡೊಡನೆ ತಾನೇ ನಿಂತು, ಲಾಗ್‌ನಿಂದ ಪುನಃ ಆರಂಭಿಸುತ್ತದೆ. ಪ್ರತಿಯನ್ನು ನಂಬದೆ ಮೂಲಕ್ಕೆ ಹಿಂದಿರುಗುವ ಈ ಪದ್ಧತಿ ಇತಿಹಾಸಕಾರನಿಗೆ ಅಪರಿಚಿತವಲ್ಲ.

ನನ್ನ ಸೂಚಿಯಲ್ಲಿ ಆ ಕಟ್ಟಳೆಯನ್ನು ಮರಳಿ ಹಚ್ಚಿದ್ದೇನೆ. ಹಳೆಯ ಪಟ್ಟಿಗಳನ್ನು ಏರಿಸುವಾಗ ನೂರು ನಮೂದುಗಳನ್ನು ಕೂಡಿಸಿ ಒಂದೇ ಸಲಕ್ಕೆ ಒಪ್ಪಿಸುತ್ತೇನೆ. ಹೋದ ವೇಗದ ಬಹುಪಾಲು ಅದರಿಂದಲೇ ಹಿಂದಿರುಗಿದೆ.