ಜೇಬಿನ ಮೊಬೈಲಿಗೆ ಚಂದ್ರನ ದಾರಿ ಗೊತ್ತೇ?

ಮಲೆನಾಡಿನ ಶೆಟ್ಟಿಕೊಪ್ಪದ ಅಂಗಡಿ ಜಗಲಿಯಿಂದ ಬೆಂಗಳೂರಿನ ವಿಚಾರಸಂಕಿರಣದವರೆಗೆ ಎಲ್ಲೇ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಕಂಪ್ಯೂಟರಿಗಿಂತ ನಿಮ್ಮ ಜೇಬಿನ ಮೊಬೈಲಿಗೆ ಲಕ್ಷಪಟ್ಟು ಶಕ್ತಿಯಿದೆ. ಲೆಕ್ಕಕ್ಕೆ ಇದು ಸರಿ. ತೀರ್ಪಾಗಿ ಪೂರ್ತಿ ತಪ್ಪು. ಒಂದು ಪರಂಪರೆಯನ್ನೇ ಕುಬ್ಜವಾಗಿಸುವ ಈ ಮಾತನ್ನು ಇನ್ನಾದರೂ ಪ್ರಶ್ನಿಸಬೇಕು.

ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿ ರೂಪಿಸಿದ ಆ ಅಪೊಲೊ ಕಂಪ್ಯೂಟರಿನ ತೂಕ ಸುಮಾರು 32 ಕಿಲೊ. ಅದರ ಸ್ಥಿರ ಸ್ಮೃತಿಯಲ್ಲಿ 36,864 ಪದಗಳಿಗೆ, ಅಂದರೆ ಸೊನ್ನೆ-ಒಂದುಗಳ ಅಷ್ಟು ಗುಂಪುಗಳಿಗೆ, ಜಾಗ. ಬರೆದು ಅಳಿಸುವುದಕ್ಕೆ ಬರೀ 2,048. ಆ ಸ್ಥಿರ ಸ್ಮೃತಿಯನ್ನು ಅಕ್ಷರಶಃ ನೇಯಲಾಗಿತ್ತು. ಅಮೆರಿಕದ ವಾಲ್ತಮ್ಮಿನ ರೇಥಿಯಾನ್ ಕಾರ್ಖಾನೆಯ ಹೆಂಗಸರು ತಂತಿ ಪೋಣಿಸಿದ ಸೂಜಿ ಹಿಡಿದು, ಪುಟ್ಟ ಕಾಂತೀಯ ಉಂಗುರದ ಒಳಗಿಂದ ತಂತಿ ಹಾಯಿಸಿದರೆ ಒಂದು, ಹೊರಗಿಂದ ಹಾಯಿಸಿದರೆ ಸೊನ್ನೆ. ನೇಯ್ದಾದ ಮೇಲೆ ತಪ್ಪು ಸಿಕ್ಕರೆ ಬಿಚ್ಚಿ ಮತ್ತೆ ನೇಯಬೇಕು. ಎಂಜಿನಿಯರುಗಳು ಇದನ್ನು ಮುದುಕಿಯರ ಮೆಮೊರಿ ಎಂದು ಕರೆದರು. ಆ ಅಡ್ಡಹೆಸರು ಅವರ ಅಭಿರುಚಿಯ ದೋಷ. ಆ ಬೆರಳುಗಳ ಶ್ರದ್ಧೆಯ ಮೇಲೆಯೇ ಯಾನಿಗಳ ಪ್ರಾಣ ನಿಂತಿತ್ತು.

1969ರ ಜುಲೈ 20. ಅಪೊಲೊ 11ರ ಈಗಲ್ ನೌಕೆ ಚಂದ್ರನತ್ತ ಇಳಿಯುತ್ತಿದ್ದಾಗ 1202 ಎಂಬ ಎಚ್ಚರಿಕೆ ಮಿನುಗಿತು. ಆ ಹೊತ್ತಿಗೆ ಬೇಡವಾಗಿದ್ದ ರೇಡಾರೊಂದರ ಸಂಕೇತಗಳು ಕಂಪ್ಯೂಟರಿನ ಸಮಯ ಕದಿಯುತ್ತಿದ್ದವು. ಕಂಪ್ಯೂಟರ್ ಕೈಚೆಲ್ಲಲಿಲ್ಲ. ಎಂಐಟಿಯ ಹ್ಯಾಲ್ ಲ್ಯಾನಿಂಗ್ ಹಾಕಿಕೊಟ್ಟ ಆದ್ಯತೆಯ ಕ್ರಮದಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನನ್ನು ತಾನೇ ಮರುಚಾಲನೆ ಮಾಡಿಕೊಂಡಿತು, ಹಗುರ ಕೆಲಸಗಳನ್ನು ಬಿಟ್ಟಿತು, ಇಳಿಸುವ ಕೆಲಸವನ್ನು ಮಾತ್ರ ಬಿಡಲಿಲ್ಲ. ಅದೇ ಕಾಲದ ಮಿನಿಟ್‌ಮ್ಯಾನ್ ಕ್ಷಿಪಣಿಯ ಕಂಪ್ಯೂಟರನ್ನು ಹೊಗಳುವವರಿದ್ದಾರೆ. ಆದರೆ ಯಾರನ್ನೂ ಮನೆಗೆ ಮರಳಿ ತರಬೇಕಿಲ್ಲದ ಯಂತ್ರವನ್ನು ಇದರ ಪಕ್ಕದಲ್ಲಿ ಕೂರಿಸಲಾಗದು.

ಬಿಕ್ಕಟ್ಟಿನಲ್ಲಿ ಹಗುರವಾದದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಹಿಡಿಯುವುದು ಮಲೆನಾಡಿನವರಿಗೆ ಹೊಸ ವಿವೇಕವಲ್ಲ. ಅಡಿಕೆ ಕೊಯ್ಲಿಗೆ ಬಂದ ಕೊನೆಗಾರನ ಬಳಿ ಇರುವುದು ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಒಂದು ಹಗ್ಗ. ಗಾಳಿಗೆ ಮರ ಬಾಗಿದಾಗ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು ಎಂಬುದು ಅವನಿಗೆ ಗೊತ್ತು. ತೋಟದ ಯಜಮಾನ ಅವನನ್ನು ಅಳೆಯುವುದು ಆ ಗಳಿಗೆಯಿಂದ, ಹೊತ್ತು ತಂದ ಸಾಮಾನಿನಿಂದಲ್ಲ.

ನಮ್ಮ ಬಾಹ್ಯಾಕಾಶ ಪರಂಪರೆಯನ್ನೂ ಹೀಗೇ ಅಳೆಯಬೇಕು. 1993ರ ಸೆಪ್ಟೆಂಬರ್ 20ರಂದು ಇಸ್ರೋದ ಮೊದಲ ಪಿಎಸ್‌ಎಲ್‌ವಿ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಬೆಂಗಳೂರಿನಲ್ಲಿ ಕಟ್ಟಿದ್ದ ಐಆರ್‌ಎಸ್-1ಇ ಉಪಗ್ರಹವೂ ಹೋಯಿತು. ರಾಕೆಟ್ಟಿನ ಮೂತಿಯನ್ನು ಮೇಲೆ ಕೆಳಗೆ ತಿರುಗಿಸುವ ಸಾಫ್ಟ್‌ವೇರಿನಲ್ಲಿ, ಆಜ್ಞೆ ಮಿತಿ ಮೀರಿದಾಗಷ್ಟೇ ತಲೆಯೆತ್ತುವ ದೋಷ ಅಡಗಿತ್ತು. ಅದನ್ನು ಹುಡುಕಿ, ತಿದ್ದಿ, 1994ರ ಅಕ್ಟೋಬರ್ 15ರಂದು ಮತ್ತೆ ಹಾರಿಸಿ ಗೆದ್ದರು. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನಿಗೆ ಅಪ್ಪಳಿಸಿತು: ಎಂಜಿನ್‌ಗಳ ನೂಕುಬಲ ಎಣಿಸಿದ್ದಕ್ಕಿಂತ ಹೆಚ್ಚಿತ್ತು, ನೌಕೆ ತಿರುಗುವ ವೇಗಕ್ಕೆ ಸಾಫ್ಟ್‌ವೇರ್ ಕಡಿವಾಣ ಹಾಕಿತ್ತು, ಇಳಿಯುವ ಜಾಗ 500 ಮೀಟರ್ ಚೌಕವಷ್ಟೇ. ಚಂದ್ರಯಾನ-3ಕ್ಕೆ ಆ ಜಾಗವನ್ನು 4 ಕಿಲೊಮೀಟರ್ ಉದ್ದ, 2.4 ಕಿಲೊಮೀಟರ್ ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿಮಾಡಿ ನೌಕೆಯನ್ನು ಕಟ್ಟಿದರು. 2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಲ್ಲಿದ್ದವರು ಕೈಕಟ್ಟಿ ನೋಡುತ್ತಿದ್ದ, ಚಂದ್ರನ ಮೇಲಿಳಿಯುವ ಆ ಹತ್ತೊಂಬತ್ತು ನಿಮಿಷ ನಿರ್ಧಾರವೆಲ್ಲ ನೌಕೆಯದೇ.

ಆದರೂ ಕನ್ನಡದ ಟಿವಿ ಚರ್ಚೆಗಳು ಸಂಭ್ರಮಿಸಿದ್ದು ಸಿನಿಮಾದ ಬಜೆಟ್ಟಿಗಿಂತ ಅಗ್ಗದಲ್ಲಿ ಚಂದ್ರನಿಗೆ ಹೋದೆವು ಎಂದು. ಮೊಬೈಲಿನ ಹೋಲಿಕೆಯೂ ಈ ಅಗ್ಗದ ಹೆಮ್ಮೆಯೂ ಒಂದೇ ಅಭಿರುಚಿಯ ಕೂಸುಗಳು: ಒಂದಕ್ಕೆ ಗಾತ್ರದ ಮೋಹ, ಇನ್ನೊಂದಕ್ಕೆ ಬೆಲೆಚೀಟಿಯ ಮೋಹ. ಸಾಹಿತ್ಯದಲ್ಲಿ ಪುಟ ಎಣಿಸಿ ಕಾದಂಬರಿಗೆ ಬೆಲೆ ಕಟ್ಟುವ ವಿಮರ್ಶಕನನ್ನು ನಾವು ಒಪ್ಪುವುದಿಲ್ಲ. ವಿಜ್ಞಾನದ ಭಾಷಣಕಾರನಿಗೆ ಮಾತ್ರ ಆ ರಿಯಾಯಿತಿ ಏಕೆ? ಮುಂದಿನ ವಿಜ್ಞಾನ ದಿನದಂದು ಆ ಭಾಷಣಕಾರ ಶೆಟ್ಟಿಕೊಪ್ಪದ ಮಕ್ಕಳ ಕೈಗೆ ಸೂಜಿ, ದಾರ, ಎಂಟು ಬಳೆ ಕೊಟ್ಟು, ಒಳಗೆ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ ಎಂದು ಅವರವರ ಹೆಸರಿನ ಮೊದಲ ಅಕ್ಷರವನ್ನು ನೇಯಿಸಲಿ.