ಮೆಕ್ಸಿಕೊ ದೇಶದ ಮಲ್ಲರಂಗದಲ್ಲಿ ಪಟ್ಟವೂ ಪಣವೂ

ಮಲ್ಲಯುದ್ಧದಲ್ಲಿ ಅಗ್ರಸ್ಥಾನವನ್ನು ಗಳಿಸಿದವನಿಗೆ ಸಲ್ಲುವ ಗೌರವವನ್ನು ಕನ್ನಡದಲ್ಲಿ ಯಾವ ಮಾತಿನಿಂದ ನಿರ್ದೇಶಿಸಬೇಕೆಂಬುದು ಮೊದಲು ವಿಚಾರಾರ್ಹವಾದದ್ದು. ‘ಬಿರುದು’ ಎಂದರೆ ಸಾಲದು. ಒಬ್ಬನಿಗೆ ಬಿರುದನ್ನು ಕೊಡಲು ಇನ್ನೊಬ್ಬನಿಂದ ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಒಂದೇ ಬಿರುದನ್ನು ಏಕಕಾಲದಲ್ಲಿ ಹಲವರು ಧರಿಸಿದುದೂ ಉಂಟು. ‘ಪದವಿ’ ಎಂಬ ಮಾತಿಗೆ ಪರೀಕ್ಷೆಗಳ ವಾಸನೆ ಹತ್ತಿದೆ. ‘ಪಟ್ಟ’ವೊಂದೇ ಇಲ್ಲಿ ಸರಿಹೊಂದತಕ್ಕದ್ದು. ಪಟ್ಟವು ಒಂದು, ಅದರಲ್ಲಿರುವವನು ಇಳಿದಲ್ಲದೆ ಮತ್ತೊಬ್ಬನು ಏರಲಾರನು. ಮೇಲಾಗಿ, ಹಣೆಗೆ ಕಟ್ಟುವ ಪಟ್ಟಿಯೇ ನಮ್ಮಲ್ಲಿ ರಾಜ್ಯಾಧಿಕಾರಕ್ಕೆ ಹೆಸರಾದಂತೆ, ಮೆಕ್ಸಿಕೊ ದೇಶದಲ್ಲಿ ಜಟ್ಟಿಯು ನಡುವಿಗೆ ಕಟ್ಟಿಕೊಳ್ಳುವ ‘ಸಿಂತುರೊನ್’ ಎಂಬ ಪಟ್ಟಿಯು ಅವನ ಸ್ಥಾನಕ್ಕೂ ಹೆಸರಾಗಿ ನಿಂತಿದೆ.

ಆದರೆ ಈ ಪಟ್ಟದ ಸತ್ಯವೇನು? ‘ಲೂಚಾ ಲಿಬ್ರೆ’ ಎಂಬ ಹೆಸರಿನಿಂದ ಅಲ್ಲಿ ನಡೆಯುವ ವೃತ್ತಿಮಲ್ಲರ ಕಾಳಗದಲ್ಲಿ ಯಾರು ಗೆಲ್ಲತಕ್ಕದ್ದೆಂಬುದು ಮುಂಚಿತವಾಗಿಯೇ ನಿಶ್ಚಯವಾಗಿರುತ್ತದೆ. ಹೀಗಿರಲಾಗಿ, ಗೆಲುವೇ ಏರ್ಪಾಡಾದ ಮೇಲೆ ಗೆದ್ದವನಿಗೆ ಕಟ್ಟುವ ಪಟ್ಟವು ಬರಿಯ ತಗಡಲ್ಲವೆ ಎಂದು ನಗುವವರು ಹಲವರು. ಕಲೆಯ ಪಕ್ಷವನ್ನು ವಹಿಸಿ ಮಾತನಾಡುವವರಲ್ಲಿಯೂ ಕೆಲವರು, ಮುಖವಾಡವೊಂದೇ ಆ ರಂಗದ ಜೀವವೆಂದೂ ಪಟ್ಟಗಳು ಕೇವಲ ಅಲಂಕಾರವೆಂದೂ ಬಗೆಯುತ್ತಾರೆ. ಈ ಎರಡು ಮತಗಳೂ ಪರಿಶೀಲನೆಗೆ ನಿಲ್ಲುವಂಥವಲ್ಲ.

ಆ ದೇಶದಲ್ಲಿ ಈ ಕಾಳಗಕ್ಕೆ ಸ್ಥಿರವಾದ ನೆಲೆಯನ್ನು ಕಲ್ಪಿಸಿದವನು ಸಾಲ್ವಡೋರ್ ಲುಟೆರೋತ್. ಇವನು 1933ನೆಯ ಇಸವಿ ಸೆಪ್ಟೆಂಬರ್ 21ರಂದು ಮೆಕ್ಸಿಕೊ ನಗರದಲ್ಲಿ ತನ್ನ ಮಂಡಲಿಯ ಮೊದಲನೆಯ ಪ್ರದರ್ಶನವನ್ನು ನಡೆಸಿದನು. 1943ರಲ್ಲಿ ಅರೇನಾ ಕೊಲಿಸೇಯೊ, 1956ರಲ್ಲಿ ಅರೇನಾ ಮೆಹಿಕೊ ಎಂಬ ದೊಡ್ಡ ರಂಗಗಳು ಎದ್ದವು. ಗಮನಿಸತಕ್ಕ ಅಂಶವೆಂದರೆ, ಪಂದ್ಯಗಳನ್ನು ಏರ್ಪಡಿಸುವವನು ವರ್ತಕನಾದರೂ ‘ರಾಷ್ಟ್ರೀಯ’ ಎಂಬ ವಿಶೇಷಣವುಳ್ಳ ಪಟ್ಟಗಳಿಗೆ ಮುದ್ರೆಯೊತ್ತುವ ಅಧಿಕಾರವು ಅವನದಲ್ಲ. ಮುಷ್ಟಿಯುದ್ಧ ಮಲ್ಲಯುದ್ಧಗಳೆರಡನ್ನೂ ನೋಡಿಕೊಳ್ಳುವ ರಾಜಧಾನಿಯ ಸರ್ಕಾರೀ ಆಯೋಗದ್ದು. ನಾಟಕದ ಶ್ರೀರಾಮನ ಪಟ್ಟಾಭಿಷೇಕವನ್ನು ಕಂದಾಯದ ಕಚೇರಿಯ ದಫ್ತರದಲ್ಲಿ ಬರೆದಿಟ್ಟಂತೆ ಇದು ತೋರಬಹುದು. ಆದರೆ ಈ ವಿಚಿತ್ರವೇ ಅಲ್ಲಿನ ಪಟ್ಟಕ್ಕೆ ಒಂದು ತೂಕವನ್ನು ತಂದಿತು.

ತೂಕವೆಂಬ ಮಾತು ಇಲ್ಲಿ ವಾಚ್ಯಾರ್ಥದಲ್ಲಿಯೂ ಸಲ್ಲುತ್ತದೆ. ಪಟ್ಟಗಳು ದೇಹದ ತೂಕಕ್ಕೆ ಅನುಸಾರವಾಗಿ ವಿಭಾಗಗೊಂಡಿವೆ: ವೆಲ್ಟರ್ ವರ್ಗಕ್ಕೆ 77 ಕಿಲೋಗ್ರಾಂ, ಮಧ್ಯಮಕ್ಕೆ 87, ಲಘು ಗುರುವರ್ಗಕ್ಕೆ 97 ಮೇಲ್ಮಿತಿ, 105ನ್ನು ಮೀರಿದವರು ಗುರುವರ್ಗದವರು. ತಕ್ಕಡಿಯ ಮಾತನ್ನು ಅಲ್ಲಿ ಯಾವಾಗಲೂ ಕಟ್ಟುನಿಟ್ಟಾಗಿ ಪಾಲಿಸಿದ್ದಾರೆಂದು ಹೇಳುವಂತಿಲ್ಲ. ಆದರೂ ಈ ವಿಭಾಗದ ಫಲವು ದೊಡ್ಡದು. ಉತ್ತರದ ನೆರೆರಾಜ್ಯವಾದ ಅಮೆರಿಕದಲ್ಲಿ ಗುರುವರ್ಗದ ಪಟ್ಟವೇ ಪಟ್ಟ, ಮಿಕ್ಕವು ಅದರ ಪರಿವಾರ. ಮೆಕ್ಸಿಕೊದಲ್ಲಿಯಾದರೋ ಕೀರ್ತಿಯು ಬಹುಕಾಲ ಹಗುರ ಮೈಯವರ ಪಾಲಾಗಿತ್ತು. ರೊಡೊಲ್ಫೊ ಗುಸ್ಮಾನ್ ಉಯೆರ್ತಾ ಎಂಬವನು 1942ರಲ್ಲಿ ಬೆಳ್ಳಿಯ ಬಣ್ಣದ ಮುಖವಾಡವನ್ನು ತೊಟ್ಟು ‘ಎಲ್ ಸಾಂತೊ’ ಎಂದು ರಂಗಕ್ಕೆ ಬಂದನು; ದೇಶದ ಜನರೆಲ್ಲರೂ ಅರಿತ ಆ ಮಲ್ಲನು ಪಟ್ಟಗಳನ್ನು ಗಳಿಸಿದ್ದು ಮುಖ್ಯವಾಗಿ ವೆಲ್ಟರ್ ಮತ್ತು ಮಧ್ಯಮ ವರ್ಗಗಳಲ್ಲಿ. ವೇಗವೂ ಪಟ್ಟುಗಳ ವೈವಿಧ್ಯವೂ ಅಲ್ಲಿನ ಕಾಳಗದ ಲಕ್ಷಣಗಳಾದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಇನ್ನು ಪಟ್ಟದ ಪಂದ್ಯದ ರೂಪವನ್ನು ನೋಡತಕ್ಕದ್ದು. ನಿತ್ಯದ ಪ್ರದರ್ಶನದಲ್ಲಿ ಮೂವರು ಮೂವರ ಮೇಲೆ ಬೀಳುವುದು ರೂಢಿ. ‘ಟೆಕ್ನಿಕೊ’ಗಳೆಂಬ ನ್ಯಾಯಮಲ್ಲರು ಒಂದು ಕಡೆ, ‘ರೂಡೊ’ಗಳೆಂಬ ಒರಟರು ಇನ್ನೊಂದು ಕಡೆ. ಒರಟನು ಕಣ್ಣು ತಪ್ಪಿಸಿ ಒದೆಯುತ್ತಾನೆ, ಮುಖವಾಡವನ್ನು ಹರಿಯುತ್ತಾನೆ, ತೀರ್ಪುಗಾರನನ್ನು ಮರುಳುಮಾಡುತ್ತಾನೆ, ಸಭೆ ಕೂಗುತ್ತದೆ. ಒಬ್ಬೊಬ್ಬರಾಗಿ ಪಟ್ಟಕ್ಕಾಗಿ ಸೆಣಸುವ ದಿನ ಸಂಪ್ರದಾಯವು ಬೇರೆಯಾಗುತ್ತದೆ. ಮೂರು ಪಟ್ಟುಗಳಲ್ಲಿ ಎರಡನ್ನು ಗೆದ್ದವನು ಗೆದ್ದಂತೆ. ಮೊದಲನೆಯದರಲ್ಲಿ ನೆಲದ ಮೇಲಿನ ಹಿಡಿತಗಳು, ಬಿಡಿಸಿಕೊಳ್ಳುವಿಕೆಗಳು ನಿಧಾನವಾಗಿ ನಡೆಯುತ್ತವೆ. ಒರಟನೂ ತನ್ನ ಒರಟುತನವನ್ನು ಆ ದಿನದ ಮಟ್ಟಿಗೆ ಬಾಗಿಲ ಹೊರಗೆ ಬಿಟ್ಟು, ತಾನು ಗರಡಿಯಲ್ಲಿ ಕಲಿತದ್ದೇನೆಂಬುದನ್ನು ತೋರಿಸಬೇಕು. ಪಟ್ಟವನ್ನು ‘ತಗಡು’ ಎನ್ನುವವರು ಮರೆತದ್ದು ಇದನ್ನೇ. ಫಲವು ಗೊತ್ತಾಗಿದ್ದರೂ ವಿದ್ಯೆಯು ಗೊತ್ತಾದದ್ದಲ್ಲ. ವಿದ್ಯೆ ಇಲ್ಲದವನಿಗೆ ಆ ಕಾಳಗವನ್ನು ಕಟ್ಟಿಕೊಡಲು ಯಾವ ಏರ್ಪಾಡಿನಿಂದಲೂ ಸಾಧ್ಯವಿಲ್ಲ. ನಿಬಂಧನೆಯು ಬಿಗಿಯಾದಷ್ಟೂ ಕುಶಲತೆಯು ಪ್ರಕಟವಾಗುವುದು ಕಾವ್ಯದಲ್ಲಿಯೂ ಕಂಡ ಸಂಗತಿ.

ಮುಖವಾಡದ ಪಕ್ಷದವರ ವಾದದಲ್ಲಿ ಹೆಚ್ಚು ಬಲವಿದೆ. 1940ನೆಯ ಇಸವಿ ಜುಲೈ 14ರಂದು, ಬಾವಲಿಯ ಹೆಸರನ್ನು ಹೊತ್ತ ‘ಮುರ್ಸಿಯೆಲಗೊ’ ವೆಲಾಸ್ಕೆಸ್ ಎಂಬ ಮುಸುಕಿನ ಮಲ್ಲನು ಒಕ್ತಾವಿಯೊ ಗವೋನಾ ಎಂಬವನನ್ನು ಎದುರಿಸಬೇಕಾಯಿತು. ಗವೋನಾ ತನಗಿಂತ ಬಹಳ ಭಾರವಾದವನು. ಆದುದರಿಂದ, ತಾನು ಮುಖವಾಡವನ್ನು ಒಡ್ಡಬೇಕಾದರೆ ಅವನು ತಲೆಗೂದಲನ್ನು ಒಡ್ಡಬೇಕೆಂದು ಬಾವಲಿಯು ಕೇಳಿದನೆಂದು ಪ್ರತೀತಿ. ಗೆದ್ದವನು ಗವೋನಾ, ಬಾವಲಿಯ ಮುಸುಕು ಹೋಯಿತು. ಪಣದ ಪಂದ್ಯಗಳಿಗೆ ಇದೇ ಮೊದಲೆಂದು ಎಣಿಸುತ್ತಾರೆ. ತಕ್ಕಡಿಯ ಅಸಮತೆಯನ್ನು ಸರಿತೂಗಿಸಲು ಪಣವು ಹುಟ್ಟಿತೆಂಬ ಈ ಕಥೆಯಲ್ಲಿ ಪಟ್ಟ ಪಣಗಳ ಸಂಬಂಧವು ಚೆನ್ನಾಗಿ ತೋರುತ್ತದೆ. ಸಮಾನರ ನಡುವಿನ ನ್ಯಾಯಕ್ಕೆ ಒಂದು ಏರ್ಪಾಡು. ಅಸಮಾನರ ನಡುವಿನ ಹಟಕ್ಕೆ ಇನ್ನೊಂದು.

ಇವೆರಡರ ಭೇದವನ್ನು ಕಾಣಲು ಮುಂದಿನ ಎರಡು ಕಾಳಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1952ನೆಯ ಇಸವಿ ನವೆಂಬರ್ 7ರಂದು ಅರೇನಾ ಕೊಲಿಸೇಯೊದಲ್ಲಿ ಎಲ್ ಸಾಂತೊ ‘ಬ್ಲ್ಯಾಕ್ ಶ್ಯಾಡೊ’ ಎಂಬವನ ಮುಖವಾಡವನ್ನು ಗೆದ್ದನು. ಸೋತವನ ಜೊತೆಗಾರನಾದ ‘ಬ್ಲೂ ಡೀಮನ್’ ಮರುವರ್ಷ, ಎಂದರೆ 1953ರಲ್ಲಿ, ಎಲ್ ಸಾಂತೊವಿನಿಂದ ವೆಲ್ಟರ್ ವರ್ಗದ ಜಾಗತಿಕ ಪಟ್ಟವನ್ನು ಕಸಿದುಕೊಂಡು 1958ರವರೆಗೆ ಇಟ್ಟುಕೊಂಡನು. ಜನರ ನೆನಪಿನಲ್ಲಿ ಮೊದಲನೆಯದು ಎತ್ತರವಾಗಿ ನಿಂತಿದೆ. ನಿಜ, ಮುಖವಾಡವು ಒಮ್ಮೆ ಹೋದರೆ ಮರಳಿ ಬರುವಂಥದಲ್ಲ, ಪಟ್ಟವು ಬರುತ್ತದೆ ಹೋಗುತ್ತದೆ. ಆದರೆ ಮೊದಲನೆಯದನ್ನು ಎರಡನೆಯದು ಪೂರ್ಣಗೊಳಿಸಿತೆಂಬುದನ್ನು ಕಾಣದಿರುವುದು ವಿಮರ್ಶೆಯಲ್ಲ. ಗೆಳೆಯನಿಗಾದ ಅಪಮಾನಕ್ಕೆ ಬ್ಲೂ ಡೀಮನ್ ಉತ್ತರ ಕೊಟ್ಟದ್ದು ಇನ್ನೊಂದು ಅಪಮಾನದಿಂದಲ್ಲ, ತೂಕವೂ ನಿಯಮವೂ ಸಮವಾಗಿದ್ದ ಕಣದಲ್ಲಿ ವಿದ್ಯೆಯಿಂದ. ಪಟ್ಟವಿಲ್ಲದಿದ್ದರೆ ಆ ಉತ್ತರಕ್ಕೆ ಭಾಷೆಯೇ ಇರುತ್ತಿರಲಿಲ್ಲ.

ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ ‘ಮಿಥೊಲಜೀ’ ಎಂಬ ಗ್ರಂಥದ ಮೊದಲಲ್ಲಿಯೇ ವೃತ್ತಿಮಲ್ಲರ ಕಾಳಗವನ್ನು ಕುರಿತ ಪ್ರಬಂಧವಿದೆ. ಮುಷ್ಟಿಯುದ್ಧವು ಕಣ್ಣೆದುರಿಗೆ ಬೆಳೆಯುವ ಕಥೆ. ಈ ಕಾಳಗದಲ್ಲಿಯಾದರೋ ಪ್ರತಿಯೊಂದು ಕ್ಷಣವೂ ತನ್ನಷ್ಟಕ್ಕೆ ಅರ್ಥಪೂರ್ಣ, ಕಾಲದ ಮುನ್ನಡೆಗೆ ಅಲ್ಲಿ ಬೆಲೆಯಿಲ್ಲ ಎಂಬುದು ಅವನ ಮತದ ಸಾರ. ಪ್ಯಾರಿಸ್ಸಿನ ಸಣ್ಣ ರಂಗಗಳನ್ನು ನೋಡಿ ಹೇಳಿದ ಮಾತು ಅಲ್ಲಿಗೆ ಒಪ್ಪಬಹುದು. ಮೆಕ್ಸಿಕೊಗೆ ಇದನ್ನು ಹಾಗೆಯೇ ಹೊರಿಸುವವರು ಪಟ್ಟದ ವಂಶಾವಳಿಯನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ. ಯಾರಿಂದ ಯಾರಿಗೆ, ಯಾವ ಊರಿನಲ್ಲಿ, ಯಾವ ದಿನ ಎಂಬ ಸರಣಿಯೇ ಪಟ್ಟದ ಸ್ವರೂಪ. ಕ್ಷಣಕ್ಕೆ ಕಾಲವನ್ನು ಜೋಡಿಸುವುದು ಅದರ ಕೆಲಸ. ಸತ್ಯಾಸತ್ಯದ ಪ್ರಶ್ನೆಗಾದರೋ ನಮ್ಮ ಅಲಂಕಾರಿಕನಾದ ಶಂಕುಕನ ಚಿತ್ರತುರಗನ್ಯಾಯವೇ ಹೆಚ್ಚು ಉಪಕಾರಿಯಾದೀತು. ಚಿತ್ರದ ಕುದುರೆಯನ್ನು ಕುದುರೆಯೆಂದು ಅರಿಯುವ ಜ್ಞಾನವು ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ. ಅರೇನಾದ ಪ್ರೇಕ್ಷಕನು ಪಟ್ಟವನ್ನು ಅರಿಯುವುದೂ ಈ ಬಗೆಯಲ್ಲಿಯೇ.

ಈ ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚತಕ್ಕದ್ದಲ್ಲ. ಸ್ತ್ರೀಯರಿಗೆಂದು ರಾಷ್ಟ್ರೀಯ ಪಟ್ಟವೊಂದು 1950ರ ದಶಕದಲ್ಲಿಯೇ ಹುಟ್ಟಿತು. ಆದರೆ ರಾಜಧಾನಿಯಲ್ಲಿ ಸ್ತ್ರೀಯರ ಕಾಳಗಕ್ಕೆ ಇದ್ದ ನಿಷೇಧವು 1986ರವರೆಗೆ ತೆರವಾಗಲಿಲ್ಲ. ದೇಶದ ಹೆಸರಿನ ಪಟ್ಟವನ್ನು ಕಟ್ಟಿಕೊಂಡವಳು ದೇಶದ ಮೊದಲನೆಯ ರಂಗಕ್ಕೆ ಕಾಲಿಡುವಂತಿರಲಿಲ್ಲವೆಂಬುದು ಮುದ್ರೆಯೊತ್ತುವವರಿಗೆ ಭೂಷಣವಲ್ಲ. ಎರಡನೆಯ ದೋಷವು ಸಂಖ್ಯೆಯದು. 1975ರಲ್ಲಿ ಪ್ರತಿಮಂಡಲಿಯೊಂದು ಎದ್ದು ತನ್ನದೇ ಜಾಗತಿಕ ಪಟ್ಟಗಳನ್ನು ಸ್ಥಾಪಿಸಿತು. ಲುಟೆರೋತನ ಮಂಡಲಿಯು 1991ರಿಂದ ತನ್ನ ಹೊಸ ಹೆಸರಿನಲ್ಲಿ ಇನ್ನೊಂದು ಸಾಲನ್ನು ಹೂಡಿತು. 1992ರಲ್ಲಿ ಅಂತೋನಿಯೊ ಪೆನ್ಯಾ ಅದರಿಂದ ಒಡೆದು ಮೂರನೆಯ ಮಂಡಲಿಯನ್ನು ಕಟ್ಟಿದನು. ಮೂರು ಮಂಡಲಿಗಳಿಗೂ ಒಂದೊಂದು ‘ಜಗತ್ತು’ ಆದಮೇಲೆ ಪಟ್ಟದ ಏಕತ್ವವೆಲ್ಲಿ ಉಳಿಯಿತು?

ಆದರೂ ವಂಶಾವಳಿಯ ಮೇಲಿನ ಮಮತೆಯು ಅಷ್ಟಕ್ಕೆ ಅಳಿಯಲಿಲ್ಲ. ಬ್ಲೂ ಡೀಮನ್ನನು 1953ರಲ್ಲಿ ಗೆದ್ದ ವೆಲ್ಟರ್ ಪಟ್ಟವೂ, ಅದರ ಸಹೋದರಗಳಾದ ಮಧ್ಯಮ, ಲಘು ಗುರುವರ್ಗಗಳ ಪಟ್ಟಗಳೂ ಅಮೆರಿಕದ ‘ಎನ್. ಡಬ್ಲ್ಯು. ಎ.’ ಎಂಬ ಒಕ್ಕೂಟದ ಹೆಸರಿನವು. ಹಳೆಯ ಮಂಡಲಿಯು 1980ರ ದಶಕದ ಕೊನೆಯಲ್ಲಿ ಒಕ್ಕೂಟವನ್ನು ಬಿಟ್ಟರೂ ಪಟ್ಟಗಳನ್ನು ಬಿಡದೆ ಇಟ್ಟುಕೊಂಡಿತ್ತು. ಒಕ್ಕೂಟದ ಮೆಕ್ಸಿಕೊ ಶಾಖೆಯು ಅವನ್ನು ಹಿಂದಕ್ಕೆ ಕೇಳಿತು. ಕೇಳಿದ ಶಾಖೆಯ ಅಧ್ಯಕ್ಷನು ಬ್ಲೂ ಡೀಮನ್ನನ ಸಾಕುಮಗನೂ ಅವನ ನೀಲಿ ಮುಖವಾಡದ ಉತ್ತರಾಧಿಕಾರಿಯೂ ಆದ ಕಿರಿಯ ಬ್ಲೂ ಡೀಮನ್. 2010ರಲ್ಲಿ ಮಂಡಲಿಯು ಆ ಮೂರನ್ನೂ ಬಿಟ್ಟುಕೊಟ್ಟು, ಅವುಗಳ ಸ್ಥಾನದಲ್ಲಿ ಅದೇ ವರ್ಗಗಳ ಮೂರು ಹೊಸ ಪಟ್ಟಗಳನ್ನು ಮಾಡಿಸಿತು. ಅವಕ್ಕೆ ಹಳೆಯ ಹೆಸರನ್ನೇ ಇಟ್ಟು ‘ಐತಿಹಾಸಿಕ’ ಎಂಬ ಒಂದೇ ಒಂದು ಪದವನ್ನು ಕೂಡಿಸಿತು.