ಉಸಿರು ಸಾಲದ ದನಿಯಲ್ಲಿ ಪ್ರೇಮಗೀತೆ

ಜಾನಿ ಕ್ಯಾಶ್ 2002ರ ನವೆಂಬರಿನಲ್ಲಿ ಹೊರತಂದ ‘ಅಮೆರಿಕನ್ 4’ ಆಲ್ಬಮ್ಮಿನ ಮಾತೆತ್ತಿದರೆ ಎಲ್ಲರೂ ‘ಹರ್ಟ್’ ಹಾಡನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದರಲ್ಲಿರುವ ‘ದ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್’ ಅದಕ್ಕಿಂತ ಒಂದು ತೂಕ ಹೆಚ್ಚು.

ಇದು ಬ್ರಿಟನ್ನಿನ ಜನಪದ ಗಾಯಕ ಯೂವನ್ ಮೆಕಾಲ್ 1957ರಲ್ಲಿ ಪೆಗ್ಗಿ ಸೀಗರ್‌ಗಾಗಿ ಕಟ್ಟಿದ ಹಾಡು. ಪೆಗ್ಗಿ ಇದನ್ನು ಚುರುಕಾಗಿ, ಹಗುರವಾಗಿ ಹಾಡುತ್ತಿದ್ದಳು. ಜಗತ್ತಿಗೆಲ್ಲ ಪರಿಚಯವಾದದ್ದು ರಾಬರ್ಟಾ ಫ್ಲಾಕ್ ದನಿಯಲ್ಲಿ. ಆಕೆಯ 1969ರ ಧ್ವನಿಮುದ್ರಣ ಕ್ಲಿಂಟ್ ಈಸ್ಟ್‌ವುಡ್ ಸಿನಿಮಾವೊಂದರಲ್ಲಿ ಬಳಕೆಯಾಗಿ, 1972ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಬೇರೆಯವರು ಹಾಡಿದ್ದು ಮೆಕಾಲ್‌ಗೆ ಮಾತ್ರ ಹಿಡಿಸುತ್ತಿರಲಿಲ್ಲ. ಅಂಥ ರೆಕಾರ್ಡುಗಳಿಗೆ ‘ಭಯಾನಕ ಕೋಣೆ’ ಎಂದೇ ಹೆಸರಿಟ್ಟಿದ್ದನಂತೆ. 1989ರಲ್ಲಿ ತೀರಿಕೊಂಡವನು ಕ್ಯಾಶ್‌ನ ಹಾಡನ್ನು ಎಲ್ಲಿಡುತ್ತಿದ್ದನೋ!

ಫ್ಲಾಕ್ ಒಂದೊಂದು ಪದವನ್ನೂ ತುಂಬು ಉಸಿರಿನಲ್ಲಿ ಎಳೆದು ಐದು ನಿಮಿಷ ದಾಟಿಸುತ್ತಾಳೆ. ನ್ಯುಮೋನಿಯಾದಿಂದ ಪದೇ ಪದೇ ನರಳಿದ್ದ ಎಪ್ಪತ್ತರ ಕ್ಯಾಶ್‌ಗೆ ಆ ಐಷಾರಾಮ ಇರಲಿಲ್ಲ. ಸಾಲಿನ ಕೊನೆ ಬರುತ್ತಿದ್ದಂತೆ ದನಿ ಅದುರುತ್ತದೆ, ಕೊನೆಯ ಸ್ವರವನ್ನು ಆತ ಹಿಡಿದು ನಿಲ್ಲಿಸದೆ ಬಿಟ್ಟುಬಿಡುತ್ತಾನೆ. ಹೀಗೆ ಬಿಡುವುದರಿಂದಲೇ ಹಾಡು ಮಾತಿಗೆ ಹತ್ತಿರವಾಗುತ್ತದೆ. ಫ್ಲಾಕ್ ಹಾಡಿದಾಗ ಆ ಮೊದಲ ನೋಟ ನಿನ್ನೆ ಮೊನ್ನೆಯದು. ಇಲ್ಲಿ ಒಂದಿಡೀ ದಾಂಪತ್ಯ ಕಳೆದ ಮೇಲೆ ನೆನೆದದ್ದು. ಮೊದಲ ರಾತ್ರಿಯ ಮಾತು ಬರುವ ಮೂರನೆಯ ಚರಣ ಮುದುಕನ ಬಾಯಲ್ಲಿ ಮುಜುಗರ ತರಬಹುದಿತ್ತು. ಒಂದಿಷ್ಟೂ ನಾಟಕವಿಲ್ಲದೆ ಹಾಡಿ ಕ್ಯಾಶ್ ಅದನ್ನು ಗೆದ್ದಿದ್ದಾನೆ. ತಕರಾರಿರುವುದು ನಿರ್ಮಾಪಕ ರಿಕ್ ರೂಬಿನ್ ಮೇಲೆ. ಹಿನ್ನೆಲೆಯಲ್ಲಿ ಉಬ್ಬುವ ಕೀಬೋರ್ಡ್ ನಾದ ‘ಈಗ ಕಣ್ಣೀರು ಹಾಕಿ’ ಎಂದು ಹೇಳಿಕೊಟ್ಟಂತಿದೆ. ಬರೀ ಗಿಟಾರ್ ಸಾಕಿತ್ತು.

ದನಿ ಕುಸಿದದ್ದನ್ನೇ ಗುಣವೆಂದು ಮೆಚ್ಚುವ ಅಭಿಮಾನಿಗಳ ಮಾತೂ ನನಗೆ ಒಪ್ಪಿಗೆಯಿಲ್ಲ. ಇದೇ ಆಲ್ಬಮ್ಮಿನ ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’ನಲ್ಲಿ ಅದೇ ದನಿ ಏದುಸಿರು ಬಿಡುತ್ತದೆ. ಏರಿ ಏರಿ ಹೋಗುವ ಆ ಧಾಟಿಗೆ ಕ್ಯಾಶ್ ಬಳಿ ಉತ್ತರವಿಲ್ಲ.

ಇನ್ನು ಹಲವರು ‘ದ ಫಸ್ಟ್ ಟೈಮ್’ ಹಾಡನ್ನು ಹೆಂಡತಿ ಜೂನ್ ಕಾರ್ಟರ್‌ಗೆ ಹಾಡಿದ ಶೋಕಗೀತೆ ಎಂಬಂತೆ ಕೇಳುತ್ತಾರೆ. ಆಲ್ಬಮ್ ಬಂದಾಗ ಜೂನ್ ಬದುಕಿದ್ದಳು. ಆಕೆ ತೀರಿಕೊಂಡದ್ದು 2003ರ ಮೇನಲ್ಲಿ, ಕ್ಯಾಶ್ ಸತ್ತದ್ದು ಆ ಸೆಪ್ಟೆಂಬರಿನಲ್ಲಿ. ಸಾವಿನ ಸುದ್ದಿಯನ್ನು ಪಕ್ಕಕ್ಕಿಟ್ಟು ಒಮ್ಮೆ ಕೇಳಿ ನೋಡಿ: ಇದು ಮನೆಯಲ್ಲೇ ಇರುವ ಹೆಂಡತಿಗೆ ಹೇಳಿದ ಮಾತು.